ಪಕ್ಕದವಳ ಉಸಿರು

ಬೆಳಿಗ್ಗೆ ಎದ್ದಾಗಿನಿಂದ ದಿಲೀಪನಿಗೆ ತನ್ನ ತುಟಿ ತನ್ನದಲ್ಲ ಅನ್ನಿಸುತ್ತಿತ್ತು. ಹಾಸ್ಟೆಲಿನ ಬಚ್ಚಲ ಕನ್ನಡಿಯೆದುರು ನಿಂತು ಬುರ್ರೆಂದು ಅದುರಿಸಿ ನೋಡಿದ. ಬರೀ ಗಾಳಿ ಬಂತು. ಮತ್ತೊಮ್ಮೆ ಅದುರಿಸಿದ, ಈ ಸಲ ಸದ್ದು ಬಂತು, ಆದರೆ ಎಮ್ಮೆ ಮೂಗು ಕೊಡವಿದ ಸದ್ದು. ಪಕ್ಕದ ಬಾಗಿಲಿನಾಚೆ ಯಾರೋ ನಕ್ಕರು. ತನ್ನ ಸದ್ದು ಕೇಳಿ ನಕ್ಕರೋ, ಮೊಬೈಲಿನಲ್ಲಿ ಏನನ್ನೋ ನೋಡಿ ನಕ್ಕರೋ ತಿಳಿಯದೆ, ತಿಳಿಯುವ ತನಕ ನಿಲ್ಲುವ ಧೈರ್ಯವೂ ಇಲ್ಲದೆ, ಮುಖ ಒರೆಸಿಕೊಂಡು ಹೊರಗೆ ಬಂದ. ಹೂಮಳೆ ಬಿದ್ದು ವಾರ ಕಳೆದಿತ್ತು. ಗುಡ್ಡದ ಕಾಫಿಯೆಲ್ಲ ಒಟ್ಟಿಗೇ ಹೂ ಬಿಟ್ಟಿತ್ತು. ನೋಡಲು ಬಂದವರು ಗಿಡದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಆಹಾ ಅನ್ನುವ ಆ ವಾಸನೆ, ಉಸಿರು ಎಳೆದುಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಅವನಿಗೆ ತಲೆನೋವು ತರಿಸುತ್ತಿತ್ತು. ಚೆಂದವಾದದ್ದೆಲ್ಲ ತನಗೆ ಮಾತ್ರ ಯಾಕೆ ಹೀಗೆ ಅಡ್ಡ ಬರುತ್ತದೆ ಎಂದು ಸಿಟ್ಟು ಬಂತು. ಇವತ್ತು ಸಂಜೆಯೊಳಗೆ ಮೂವರಲ್ಲಿ ಒಬ್ಬರು ಗಂಟುಮೂಟೆ ಕಟ್ಟಬೇಕಿತ್ತು.

ಮೂಡಿಗೆರೆಯಿಂದ ಗುಡ್ಡ ಹತ್ತಿ ಬಂದರೆ ಸಿಗುವ ಈ ಕಟ್ಟಡ ಮೊದಲು ಬೆಳ್ಳಿಯಪ್ಪನವರ ಎಸ್ಟೇಟಿನ ಗೋದಾಮಾಗಿತ್ತು. ಅವರು ಅದರ ಗೋಡೆಗೆ ಸುಣ್ಣ ಬಳಿಸಿ, ಪಿಯಾನೋ ತರಿಸಿ, ಹಿತ್ತಾಳೆ ವಾದ್ಯಗಳನ್ನು ತರಿಸಿ ಮ್ಯೂಸಿಕ್ ಕನ್ಸರ್ವೇಟರಿ ಎಂದು ಬೋರ್ಡು ಬರೆಸಿದರು. ಊರಿನವರ ನಾಲಿಗೆ ಅಷ್ಟುದ್ದ ಹೊರಳದೆ ಅದು ಪೀಪಿ ಸ್ಕೂಲಾಯಿತು. ಗೋದಾಮು ಸಂಗೀತಶಾಲೆಯಾದರೂ ಸಾಹುಕಾರರು ಸಾಹುಕಾರರೇ. ಮೊದಲ ವರ್ಷ ಮುಗಿಯುತ್ತ ಬಂದಾಗ ಎಲ್ಲರನ್ನೂ ಕಣದಲ್ಲಿ ಸಾಲಾಗಿ ನಿಲ್ಲಿಸಿ ಹೇಳಿದರು: ‘ನೋಡಿ ಮಕ್ಳೇ, ಕಾಫಿ ಗಿಡಕ್ಕೆ ಚಿಗುರು ತೆಗೀಲೇಬೇಕು. ಅಯ್ಯೋ ಪಾಪ ಅಂತ ಎಲ್ಲಾ ಚಿಗುರೂ ಬಿಟ್ಕೊಂಡ್ರೆ ಫಸಲು ಬರಲ್ಲ. ಟ್ರೊಂಬೋನಿಗೆ ಎರಡನೇ ವರ್ಷ ಇಬ್ರೇ.’ ಚಿಗುರುಗಳು ತಲೆತಗ್ಗಿಸಿ ಕೇಳಿಸಿಕೊಂಡವು. ಸ್ಲೈಡ್ ಎಂಬ ಕೊಳವೆಯನ್ನು ಹಿಂದೆ ಮುಂದೆ ಎಳೆದು ಸ್ವರ ಬದಲಿಸುವ ಆ ಉದ್ದನೆಯ ಹಿತ್ತಾಳೆ ಪೀಪಿ ಊದುವವರು ಮೂವರು. ಮೊದಲನೆಯ ಕುರ್ಚಿಯ ಅರುಣ್ ಬೆಳ್ಳಿಯಪ್ಪನವರ ತಂಗಿಯ ಮಗ. ಆ ಚಿಗುರಿಗೆ ಕತ್ತಿ ತಾಗುವುದಿಲ್ಲವೆಂದು ಮೆಸ್ಸಿನ ಅಡುಗೆಯವರಿಗೂ ಗೊತ್ತಿತ್ತು. ಸ್ವರ ಒಡೆದಾಗೆಲ್ಲ ಅವನು ಸ್ಲೈಡನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಕುಣಿಯಲಾರದವನು ನೆಲ ಡೊಂಕು ಅಂದನಂತೆ. ಉಳಿದದ್ದು ಎರಡನೆಯ ಕುರ್ಚಿಯ ಸೌಂದರ್ಯ, ಮೂರನೆಯ ಕುರ್ಚಿಯ ದಿಲೀಪ. ಹಾಗಾಗಿ ಮೂವರಲ್ಲಿ ಒಬ್ಬರು ಎಂಬ ಮಾತಿನ ಅರ್ಥ ಇಬ್ಬರಲ್ಲಿ ಒಬ್ಬರು ಎಂದೇ, ಆದರೆ ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಕಣದ ತುದಿಯಲ್ಲಿ ಸೌಂದರ್ಯ ಆಗಲೇ ನಿಂತು ಉದ್ದ ಸ್ವರ ಊದುತ್ತಿದ್ದಳು. ಅತ್ತಿಗುಂಡಿ ಕಡೆಯ ಎಸ್ಟೇಟೊಂದರ ಕೂಲಿಯಾಳುಗಳ ಲೈನ್ ಮನೆಯ ಹುಡುಗಿ. ಗಿಡ್ಡ ಕೈ. ಟ್ರೊಂಬೋನಿನ ಸ್ಲೈಡನ್ನು ಪೂರ್ತಿ ಹೊರಗೆ ಚಾಚಿದರೆ ಮಾತ್ರ ಬರುವ ಕೆಳಗಿನ ಸ್ವರಕ್ಕೆ ಅವಳ ಕೈ ಸಾಲದು. ಬಂದ ಹೊಸದರಲ್ಲಿ ಅರುಣ್ ‘ಇವ್ಳಿಗೆ ದೋಟಿ ಕೊಡಿ ಸರ್, ಹಲಸಿನಹಣ್ಣು ಕೀಳೋದು’ ಎಂದು ತಮಾಷೆ ಮಾಡಿದ್ದ, ದಿಲೀಪನೂ ನಕ್ಕಿದ್ದ. ಅವಳು ನಗಲಿಲ್ಲ, ಅಳಲೂ ಇಲ್ಲ. ಸ್ಲೈಡನ್ನು ಬೆರಳ ತುದಿಯಿಂದ ಮುಂದಕ್ಕೆ ಚಿಮ್ಮಿಸಿ, ಅದು ಕಳಚಿ ನೆಲಕ್ಕೆ ಬೀಳುವ ಮೊದಲೇ ಹಿಡಿದುಕೊಳ್ಳುವುದನ್ನು ಒಬ್ಬಳೇ ಕಲಿತಳು. ಈಗ ಅವಳು ಹಾಗೆ ಚಿಮ್ಮಿಸಿ ಹಿಡಿದಾಗ ದಿಲೀಪನ ಕಣ್ಣು ಅವಳ ಕೈಯ ಮೇಲೇ ನಿಂತಿತು. ಮೆಚ್ಚಿಗೆ ಅಂದುಕೊಂಡ. ಅಲ್ಲ, ಅದು ಕೈತಪ್ಪಲಿ ಎಂದು ಕಾದಿದ್ದೆ, ತಪ್ಪಲಿಲ್ಲವಲ್ಲ ಎಂಬ ಸಂಕಟ ಎಂದು ತಕ್ಷಣವೇ ತಿಳಿಯಿತು. ತಿಳಿದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ‘ಬಾರೋ, ಒಟ್ಟಿಗೆ ಊದೋಣ’ ಎಂದು ಅವಳು ಕರೆದಳು. ‘ತುಟಿ ಸರಿ ಇಲ್ಲ ಮಾರಾಯ್ತಿ’ ಅಂದ. ‘ನಂದೂ ಇಲ್ಲ, ಹೆದ್ರಿಕೆ ಆದ್ರೆ ಹಾಗೇ’ ಎಂದು ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಮನೆಗೆ ಹೋಗುವುದು ಅಂದರೆ ಗೋಣಿಬೀಡಿಗೆ ಹೋಗುವುದು. ಹೋಗಬಾರದು ಅಂತೇನಿಲ್ಲ, ಮೂರು ಎಕರೆ ರೊಬಸ್ಟಾ, ಮೆಣಸಿನ ಬಳ್ಳಿ, ಅಪ್ಪ ವೆಂಕಟೇಶ, ಅಮ್ಮ ನಂಜಮ್ಮ, ಅಲ್ಲಿ ಯಾರೂ ಉಪವಾಸ ಇರಲಿಲ್ಲ. ಆದರೆ ಕೆಲವು ತಿಂಗಳ ಹಿಂದೆ ಅಲ್ಲಿ ದೊಡ್ಡಪ್ಪನ ಮಗಳ ಮದುವೆಯಾಗಿತ್ತು. ಛತ್ರದಲ್ಲಿ ಊಟದ ಎರಡನೆಯ ಪಂಕ್ತಿಗೆ ಎಲೆ ಹಾಕುವ ಹೊತ್ತು. ಚಿಕ್ಕಪ್ಪ ಅವನನ್ನು ಎಳೆದು ತಂದು ಮೈಕಿನೆದುರು ನಿಲ್ಲಿಸಿ, ‘ನಮ್ಮ ಹುಡುಗ ಇಂಗ್ಲಿಷ್ ಪೀಪಿ ಕಲೀತಾ ಇದಾನೆ, ಒಂದು ಊದಿ ತೋರ್ಸು ಮಾರಾಯ’ ಎಂದ. ಅವನಿಗೆ ಪೂರ್ತಿ ಬರುತ್ತಿದ್ದದ್ದು ಒಂದೇ, ಮೂವರು ಸೇರಿ ಊದುವ ಪ್ರಾರ್ಥನೆಯ ತನ್ನ ಪಾಲು. ಮೂರನೆಯ ಟ್ರೊಂಬೋನಿನ ಪಾಲಿನಲ್ಲಿ ರಾಗ ಇರುವುದಿಲ್ಲ, ಹಾಡೂ ಇರುವುದಿಲ್ಲ. ಮೇಲಿನ ಇಬ್ಬರನ್ನು ಹೊತ್ತು ನಿಲ್ಲುವ ನಾಲ್ಕೈದು ದಪ್ಪ ಸ್ವರ. ಅದನ್ನೇ ಊದಿದ. ಬೋಂ ಎಂದಿತು. ಕಾದರು. ಮತ್ತೆ ಬೋಂ ಎಂದಿತು. ಹಾಡು ಯಾವಾಗ ಶುರುವಾಗುತ್ತದೆಂದು ಛತ್ರವೆಲ್ಲ ಕಾಯುತ್ತಿದ್ದಾಗಲೇ ಅದು ಮುಗಿದುಹೋಯಿತು. ‘ಇಷ್ಟೇನಾ? ಇದನ್ನ ನಮ್ಮ ಹಟ್ಟೀಲಿರೋ ಎಮ್ಮೆ ದಿನಾ ಮಾಡತ್ತೆ, ಫೀಸಿಲ್ಲದೆ’ ಅಂದರು ಯಾರೋ. ನಕ್ಕವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಎಲೆಯ ಮುಂದೆ ಕೂತಿದ್ದ ಅಮ್ಮ ತಲೆ ಎತ್ತದೆ, ‘ಸಾಕು ಬಾ ಮಗಾ, ಊಟ ಆರತ್ತೆ’ ಅಂದಳಲ್ಲ, ಆ ದನಿಯಲ್ಲಿ ನಾಚಿಕೆಯಿತ್ತು. ಅದನ್ನು ಅವನು ಇವತ್ತಿಗೂ ಕ್ಷಮಿಸಿರಲಿಲ್ಲ. ಇದನ್ನೆಲ್ಲ ಅವನು ಒಬ್ಬರಿಗೇ ಹೇಳಿಕೊಂಡಿದ್ದ, ಸೌಂದರ್ಯಳಿಗೆ. ಅವಳು ಕೇಳಿ, ‘ಮೂರ್ನೇದನ್ನ ಒಂದೇ ಊದಿದ್ರೆ ಯಾರಿಗೆ ಗೊತ್ತಾಗತ್ತೆ? ಅಡಿಪಾಯ ತೋರ್ಸಿ ಇದೇ ಮನೆ ಅಂದ ಹಾಗಾಯ್ತು. ನಾನು ಪಕ್ಕದಲ್ಲಿ ಇದ್ದಿದ್ರೆ ಗೊತ್ತಾಗ್ತಿತ್ತು ಅವ್ರಿಗೆ’ ಅಂದಿದ್ದಳು. ಆ ರಾತ್ರಿ ಅವನಿಗೆ ಚೆನ್ನಾಗಿ ನಿದ್ದೆ ಬಂದಿತ್ತು.

ಪರೀಕ್ಷೆಗೆಂದು ಪ್ರೇಮಲತಾ ಮೇಡಂ ಹಿಂದಿನ ಸಂಜೆಯೇ ಬೆಂಗಳೂರಿನಿಂದ ಬಂದು ಬೆಳ್ಳಿಯಪ್ಪನವರ ಬಂಗಲೆಯಲ್ಲಿ ಇಳಿದಿದ್ದರು. ಊದುವವರ ಮುಖ ತಮಗೆ ಕಾಣಬಾರದು, ಹೆಸರೂ ಗೊತ್ತಾಗಬಾರದು, ಬರೀ ಕಿವಿಯಿಂದ ತೀರ್ಪು ಹೇಳುವುದು ಅನ್ನುವುದು ಅವರ ಷರತ್ತು. ಹೊರದೇಶಗಳಲ್ಲಿ ಹಾಗೆಯೇ ಮಾಡುವುದಂತೆ. ಬೆಳ್ಳಿಯಪ್ಪನವರಿಗೆ ಇದು ಬಹಳ ಹಿಡಿಸಿತು. ಕಾಫಿ ನರ್ಸರಿಯ ಹಸಿರು ನೆರಳುಬಲೆಯನ್ನು ಸಂಗೀತದ ಹಾಲಿನ ಅಡ್ಡಕ್ಕೆ ಕಟ್ಟಿಸಿ, ಅದು ಸಾಲದೆಂದು ಬಂಗಲೆಯ ಎರಡು ಬೆಡ್‌ಶೀಟನ್ನು ಅದರ ಮೇಲೆ ಪಿನ್ನು ಹೊಡೆಸಿದರು. ಆಚೆ ಕಡೆ ಮೇಡಂ, ಬೆಳ್ಳಿಯಪ್ಪನವರು, ಒಂದು ಫ್ಲಾಸ್ಕು. ಈಚೆ ಕಡೆ ಒಂದು, ಎರಡು, ಮೂರು ಎಂಬ ಮೂರು ಕುರ್ಚಿ, ಮತ್ತು ಗೋಡೆಗೊರಗಿ ನಿಂತ, ಟ್ರೊಂಬೋನ್ ಕಲಿಸುವ ದಯಾನಂದ ಸರ್. ನೆಲ ಒರೆಸುವ ವಸಂತಮ್ಮ ಬೆಡ್‌ಶೀಟನ್ನು ನೋಡಿ, ‘ಎಂತದಿದು, ಹೆಣ್ಣು ನೋಡೋ ಶಾಸ್ತ್ರವಾ?’ ಎಂದು ಕೇಳಿ, ಟ್ರೊಂಬೋನಿನಿಂದ ತೊಟ್ಟಿಕ್ಕುವ ನೀರಿಗೆ ಮೂರು ಕುರ್ಚಿಯ ಮುಂದೂ ಒಂದೊಂದು ಹಳೆ ಬಟ್ಟೆ ಹಾಸಿ ಹೋದಳು. ಅದು ಉಗುಳಲ್ಲ, ಉಸಿರೇ ತಣಿದು ನೀರಾಗುವುದು ಎಂದು ಎಷ್ಟು ಸಲ ಹೇಳಿದರೂ ಅವಳು ನಂಬಿರಲಿಲ್ಲ.

ಬೆಳಿಗ್ಗೆ ಒಬ್ಬೊಬ್ಬರೇ ಊದುವ ಸರದಿ. ಅರುಣ್ ಊದಿದ, ಎಂದಿನಂತೆ ಜೋರಾಗಿ, ಎಂದಿನಂತೆ ಒಂದೆರಡು ಕಡೆ ಒಡೆದು. ಸೌಂದರ್ಯ ಊದುವಾಗ ದಿಲೀಪ ಕಣ್ಣು ಮುಚ್ಚಿಕೊಂಡಿದ್ದ. ಕಿವಿಗೆ ಬಂದದ್ದು ಲೈನ್ ಮನೆಯ ಗಿಡ್ಡ ಕೈಯ ಹುಡುಗಿಯಲ್ಲ. ಯಾರೋ ದೊಡ್ಡ ಮನುಷ್ಯರು ಆತುರವಿಲ್ಲದೆ ಮಾತಾಡುತ್ತಿದ್ದ ಹಾಗಿತ್ತು. ಪರದೆ ಅನ್ನುವುದು ಇವಳಿಗಾಗಿಯೇ ಕಟ್ಟಿದ್ದು ಅನ್ನಿಸಿತು. ತನ್ನ ಸರದಿ ಬಂತು. ಮೊದಲ ಅರ್ಧ ಸರಿಯಾಗಿಯೇ ಹೋಯಿತು. ಸರಿ ಹೋಗುತ್ತಿದೆ ಎಂದು ಅನ್ನಿಸಿದ ಕ್ಷಣವೇ ಛತ್ರದ ಮೈಕು, ಆರುತ್ತಿರುವ ಊಟ, ಅಮ್ಮನ ಬಗ್ಗಿದ ತಲೆ ಎಲ್ಲ ಒಟ್ಟಿಗೆ ಬಂದವು. ಮೇಲಿನ ಸ್ವರಕ್ಕೆ ಏರಬೇಕಾದಲ್ಲಿ ತುಟಿ ಜಾರಿ ಬೇರೆಯದೇ ಸ್ವರ ಬಂತು. ಬಂದ ಸ್ವರ ಹಾಲಿನ ತಗಡಿನ ಸೂರಿನವರೆಗೆ ಹೋಗಿ, ಎಲ್ಲರಿಗೂ ಕೇಳಿಸುವಷ್ಟು ಹೊತ್ತು ಅಲ್ಲೇ ನಿಂತಿತು. ಪರದೆಯಾಚೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಅವನು ಏನು ಊದಿದನೋ ಅವನಿಗೇ ಗೊತ್ತಿಲ್ಲ.

ಮೆಸ್ಸಿನಲ್ಲಿ ಅವನು ಮೂಲೆ ಹಿಡಿದು ಕೂತ. ಸೌಂದರ್ಯ ತಟ್ಟೆ ಹಿಡಿದು ಎದುರು ಬಂದು ಕೂತಳು. ಬರಬಾರದಿತ್ತು. ‘ಒಂದೇ ಸ್ವರ ಕಣೋ, ಅಷ್ಟಕ್ಕೆ ಯಾರೂ ಕಳ್ಸಲ್ಲ’ ಅಂದಳು. ಅವನು ಅನ್ನ ಕಲಸುತ್ತಲೇ ಇದ್ದ. ‘ಮಧ್ಯಾಹ್ನದ್ದು ಸೆಕ್ಷನ್, ಮೂವರೂ ಒಟ್ಟಿಗೆ ಊದೋದು. ಅದು ನಮ್ದು. ಕೊನೇ ಉದ್ದ ಸ್ವರದಲ್ಲಿ ನಿಂಗೆ ಉಸಿರು ಸಾಲ್ದೇ ಹೋದ್ರೆ ಎಲ್ಲಿ ಬೇಕಾದ್ರೂ ತಗೋ, ನಾನು ಹಿಡ್ಕೊಂಡಿರ್ತೀನಿ. ನಿನ್ನ ಭುಜ ನೋಡ್ತಾನೇ ಇರ್ತೀನಿ.’ ಅವಳು ಹೀಗೆ ಹೇಳಿದ್ದು ಒಳ್ಳೆಯತನದಿಂದ, ಅದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದಿದ್ದರೆ ಒಳ್ಳೆಯದಿತ್ತು. ಗೆದ್ದವರ ಒಳ್ಳೆಯತನದಷ್ಟು ಸೋತವರನ್ನು ಸುಡುವುದು ಬೇರೊಂದಿಲ್ಲ. ಇವಳಿಗೆ ತನ್ನ ಸೀಟು ಸಿಕ್ಕಾಯಿತು ಎಂದು ಗೊತ್ತು, ಅದಕ್ಕೇ ಇಷ್ಟು ಧಾರಾಳ ಎಂದು ಮನಸ್ಸು ವಿಷ ಕಾರಿತು. ಲೈನ್ ಮನೆಯವಳಿಂದ ನನಗೆ ಕರುಣೆಯೇ, ಎಂದೂ ಅಂದುಕೊಂಡ. ಈ ಮಾತು ತನ್ನೊಳಗೆ ಎಲ್ಲಿತ್ತು, ಯಾವಾಗಿನಿಂದ ಇತ್ತು, ಇಷ್ಟು ದಿನ ಇವಳ ಜೊತೆ ನಗುತ್ತಿದ್ದಾಗಲೂ ಇತ್ತೇ ಎಂದು ಬೆಚ್ಚಿದ. ಬೆಚ್ಚಿದರೂ ಆ ಮಾತನ್ನು ಹೊರಗೆ ಹಾಕಲಿಲ್ಲ. ಹಾಕಲು ಹೋದರೆ ಇವಳಿಗೆ ಥ್ಯಾಂಕ್ಸ್ ಹೇಳಬೇಕಾಗುತ್ತಿತ್ತು.

ಹೀಗೆ ಸರದಿಯಲ್ಲಿ ಉಸಿರು ತೆಗೆಯುವುದನ್ನು ಕಳ್ಳುಸಿರು ಅನ್ನುತ್ತಿದ್ದರು ದಯಾನಂದ ಸರ್. ಕಳಸದವರು; ಮಿಲಿಟರಿ ಬ್ಯಾಂಡಿನಲ್ಲಿ ಊದಿ ಊದಿ ರಿಟೈರಾಗಿ ಬಂದವರು. ಎಷ್ಟೇ ದೊಡ್ಡ ಎದೆಯಾದರೂ ಒಂದು ಉಸಿರಿಗೆ ಒಂದು ಮಿತಿಯಿದೆ. ಆದರೆ ಮೂವರು ಸೇರಿದರೆ ಸ್ವರಕ್ಕೆ ಮಿತಿ ಇರಬಾರದು. ಒಬ್ಬರು ಸದ್ದಿಲ್ಲದೆ ಉಸಿರು ಎಳೆದುಕೊಳ್ಳುವಾಗ ಉಳಿದಿಬ್ಬರು ತುಂಬಿ ನಿಲ್ಲಬೇಕು, ಕೇಳುವವರಿಗೆ ಸಂದು ಕಾಣಬಾರದು. ‘ಕಣ್ಣಿನ ತುದೀಲಿ ಪಕ್ಕದೋರ ಭುಜ ನೋಡ್ತಿರು. ಅದು ಎದ್ರೆ ನಿಂದು ಏಳಬಾರ್ದು, ಸತ್ರೂ ಏಳಬಾರ್ದು. ಅವ್ರು ಇಳಿಸಿದ ಮೇಲೆ ನೀನು.’ ಕೊನೆಯ ಉದ್ದ ಸ್ವರಕ್ಕೆ ಮೂವರೂ ಸರದಿ ಮಾಡಿಕೊಂಡಿದ್ದರು: ಮೊದಲು ಸೌಂದರ್ಯ, ಆಮೇಲೆ ಅರುಣ್, ಕೊನೆಗೆ ದಿಲೀಪ. ಅರುಣ್ ಮಾತ್ರ ಯಾರ ಭುಜವನ್ನೂ ನೋಡುವವನಲ್ಲ. ತನ್ನ ಜಾಗ ಬಂದ ಕೂಡಲೇ ಪಕ್ಕದಲ್ಲಿ ಮನೆ ಬಿದ್ದರೂ ಗಬಕ್ಕನೆ ಉಸಿರು ತೆಗೆದುಕೊಳ್ಳುತ್ತಿದ್ದ. ಅದಕ್ಕೆಂದೇ ಸೌಂದರ್ಯ ಅವನಿಗಿಂತ ಮೊದಲು ತೆಗೆದುಕೊಳ್ಳುವುದು ಎಂದಾಗಿತ್ತು. ಮಳೆಗಾಲವೆಲ್ಲ ಇದನ್ನೇ ಊದಿ, ದಿಲೀಪನಿಗೆ ಅವಳ ಭುಜ ತನ್ನ ಮೈಯದೇ ಒಂದು ಭಾಗದಂತಾಗಿತ್ತು. ಅವಳು ಉಸಿರು ತೆಗೆಯುವ ಮುಂಚೆ ಎಡಭುಜ ಕೊಂಚ ಹಿಂದಕ್ಕೆ ಸರಿಯುತ್ತಿತ್ತು. ಅವಳಿಗೇ ಅದು ಗೊತ್ತಿರಲಿಲ್ಲ.

ಮಧ್ಯಾಹ್ನ ಸೂರಿನ ತಗಡು ಕಾದಿತ್ತು. ತೆರೆದ ಕಿಟಕಿಯಿಂದ ಹೂವಿನ ವಾಸನೆ ಧಗೆಯ ಜೊತೆ ಒಳಗೆ ಬರುತ್ತಿತ್ತು. ದಯಾನಂದ ಸರ್ ಬೆರಳೆತ್ತಿ ಇಳಿಸಿದರು. ಮೂವರೂ ಒಟ್ಟಿಗೆ ಅದೇ ಪ್ರಾರ್ಥನೆ ಶುರುಮಾಡಿದರು, ಮತ್ತು ಅದು ಶುರುವಿನಿಂದಲೇ ಚೆನ್ನಾಗಿತ್ತು. ಅರುಣ್ ಕೂಡ ಒಡೆಯಲಿಲ್ಲ. ದಿಲೀಪನ ದಪ್ಪ ಸ್ವರದ ಮೇಲೆ ಸೌಂದರ್ಯಳ ಸ್ವರ ಬಂದು ಕೂತಾಗ ಅವನ ಕೈಯಲ್ಲಿದ್ದ ಹಿತ್ತಾಳೆ ಅದುರುವುದು ಅವನಿಗೆ ತಿಳಿಯುತ್ತಿತ್ತು. ಇದಕ್ಕಾಗಿಯೇ ತಾನು ಈ ಹಾಳು ಪೀಪಿಯನ್ನು ಹಿಡಿದದ್ದು, ಇದಕ್ಕಿಂತ ಬೇರೇನೂ ಬೇಕಿರಲಿಲ್ಲ ಎಂದು ಅನ್ನಿಸಿ ಕಣ್ಣು ಹನಿಗೂಡಿತು. ಇದು ಹೀಗೇ ಮುಗಿದರೆ ಸಂಜೆ ಗೋಣಿಬೀಡಿನ ಬಸ್ಸು ಹತ್ತುವವನು ನಾನು ಎಂಬುದೂ ಅದೇ ಕ್ಷಣ ಅಷ್ಟೇ ಸ್ಪಷ್ಟವಾಗಿ ತಿಳಿಯಿತು. ಕೊನೆಯ ಉದ್ದ ಸ್ವರ ಬಂತು. ಅವನ ಎದೆಯಲ್ಲಿ ಉಸಿರು ಬೇಕಾದಷ್ಟಿತ್ತು. ಇದನ್ನು ಅವನು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದರೂ ಸುಳ್ಳು ಮಾಡಲಾಗಲಿಲ್ಲ, ಉಸಿರು ಬೇಕಾದಷ್ಟಿತ್ತು. ಕಣ್ಣಿನ ತುದಿಯಲ್ಲಿ ಸೌಂದರ್ಯಳ ಎಡಭುಜ ಕೊಂಚ ಹಿಂದೆ ಸರಿಯಿತು. ಅವನು ತುಟಿ ಬಿಟ್ಟು, ಭುಜವನ್ನು ಬೇಕೆಂದೇ ಎತ್ತಿ, ಉಸಿರು ಎಳೆದುಕೊಂಡ.

ಎತ್ತಿದ ಭುಜವನ್ನು ಅವಳು ನೋಡಿದಳು. ತೆಗೆಯಲು ಹೊರಟಿದ್ದ ಉಸಿರನ್ನು ಅಲ್ಲೇ ಬಿಟ್ಟು, ಇದ್ದಷ್ಟರಲ್ಲೇ ಸ್ವರವನ್ನು ಇನ್ನೂ ತುಂಬಿಸಿ ಹಿಡಿದಳು; ಅವನ ಜಾಗವನ್ನೂ ಸೇರಿಸಿ ಹಿಡಿದಳು. ಅವನು ಮರಳಿ ಸ್ವರಕ್ಕೆ ಬರುವುದಕ್ಕೂ ಅರುಣನ ಜಾಗ ಬರುವುದಕ್ಕೂ ಸರಿಹೋಯಿತು. ಅರುಣ್ ಅತ್ತಿತ್ತ ನೋಡದೆ ಗಬಕ್ಕನೆ ಉಸಿರು ತೆಗೆದ. ಅವಳು ಅದನ್ನೂ ಹಿಡಿದಳು. ದಿಲೀಪ ಈಗ ಎದೆ ತುಂಬ ಗಾಳಿಯಿಟ್ಟುಕೊಂಡು, ಬೆಟ್ಟದಂಥ ಸ್ವರ ಊದುತ್ತ, ಪಕ್ಕದಲ್ಲಿ ಅವಳ ಕುತ್ತಿಗೆಯ ನರ ಉಬ್ಬುವುದನ್ನು, ಕಿವಿ ಕೆಂಪಾಗುವುದನ್ನು ನೋಡುತ್ತಿದ್ದ. ಉಸಿರು ತಗೋ, ಈಗ ತಗೋ, ಎಂದು ಒಳಗೊಳಗೇ ಕೂಗಿಕೊಂಡದ್ದೂ ನಿಜ. ಅರುಣ್ ಮರಳುವ ಹೊತ್ತಿಗೆ ಅವಳ ಉಸಿರು ಮುಗಿದಿತ್ತು; ಸ್ವರ ಮೊದಲು ತೆಳುವಾಯಿತು. ಆಮೇಲೆ ನಡುಗಿತು. ಆಮೇಲೆ ಒಡೆದು, ಬರೀ ಗಾಳಿಯ ಸದ್ದಾಗಿ, ನಿಂತೇಹೋಯಿತು. ನಡುವಿನ ಸ್ವರವೇ ಇಲ್ಲದೆ ಮೇಲಿನದೂ ಕೆಳಗಿನದೂ ಪರಸ್ಪರ ಗುರುತಿಲ್ಲದವರ ಹಾಗೆ ಕೊನೆಯ ತನಕ ನಿಂತವು. ದಯಾನಂದ ಸರ್ ಬೆರಳು ಮಡಿಸಿದರು.

ತೀರ್ಪು ಹೇಳುವಾಗ ಪ್ರೇಮಲತಾ ಮೇಡಂ ಪರದೆ ಸರಿಸಿ ಈಚೆ ಬಂದರು. ಕೆಟ್ಟ ಹೆಂಗಸಲ್ಲ, ಮೆಲ್ಲನೆ, ನೋವಾಗದ ಹಾಗೆ ಮಾತಾಡಿದರು. ಎರಡನೆಯ ನಂಬರಿನವರ ನಾದ ತಮಗೆ ಬಹಳ ಇಷ್ಟವಾಯಿತೆಂದೂ, ಆದರೆ ಸೆಕ್ಷನ್ನಿನಲ್ಲಿ ಉಸಿರಿನ ಅಂದಾಜಿಲ್ಲದವರು ಪಕ್ಕದವರನ್ನೂ ಮುಳುಗಿಸುತ್ತಾರೆಂದೂ ಹೇಳಿದರು. ‘ಮೂರನೆಯವರು ಬೆಳಿಗ್ಗೆ ಸ್ವಲ್ಪ ಎಡವಿದರು. ಆದರೆ ಮಧ್ಯಾಹ್ನ, ನಡುವಿನ ಸ್ವರ ಹೋದ ಮೇಲೂ ಎಷ್ಟು ಗಟ್ಟಿಯಾಗಿ ನಿಂತರು ನೋಡಿ. ಅದು ಜವಾಬ್ದಾರಿ.’ ಬೆಳ್ಳಿಯಪ್ಪನವರು ದಿಲೀಪನ ಬೆನ್ನು ತಟ್ಟಿ, ‘ಗೋಣಿಬೀಡಿನ ಗಾಳಿ ಗಟ್ಟಿ ಉಂಟು ಮಾರಾಯ’ ಎಂದು ನಕ್ಕರು. ಎಲ್ಲರೂ ನಕ್ಕರು. ದಿಲೀಪನ ಮುಖವೂ ನಕ್ಕಿತು. ಸೌಂದರ್ಯ ತಲೆಯಾಡಿಸಿ, ‘ಥ್ಯಾಂಕ್ಯೂ ಮೇಡಂ’ ಅಂದು, ಬಗ್ಗಿ ಸ್ಲೈಡಿನ ನೀರನ್ನು ವಸಂತಮ್ಮ ಹಾಸಿದ್ದ ಬಟ್ಟೆಯ ಮೇಲೆ ಇಳಿಸಿ, ಶಾಲೆಯ ಟ್ರೊಂಬೋನನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಒರೆಸಲು ಅವಳು ಹೆಚ್ಚು ಹೊತ್ತು ತೆಗೆದುಕೊಂಡಳು.

ದಯಾನಂದ ಸರ್ ಅವನನ್ನು ಹಾಲಿನ ಹಿಂದೆ ಕರೆದದ್ದು ಆಮೇಲೆ. ಬೀಡಿ ಹಚ್ಚಲಿಲ್ಲ, ಕೂರಲಿಲ್ಲ, ಸುಮ್ಮನೆ ಗುಡ್ಡದ ಕಡೆ ನೋಡುತ್ತ ನಿಂತರು. ‘ಆ ಮೇಡಂ ಪರದೆ ಆಚೆ ಇದ್ರು’ ಅಂದರು. ‘ನಾನು ಈಚೆ ಇದ್ದೆ ಮಾರಾಯ.’ ಸರ್ ಬೈದಿದ್ದರೆ ದಿಲೀಪ ವಾದಿಸುತ್ತಿದ್ದನೇನೋ, ಹೊಡೆದಿದ್ದರೆ ಅತ್ತುಬಿಡುತ್ತಿದ್ದ. ಅವರು ಸುಸ್ತಾದ ದನಿಯಲ್ಲಿ ಹೇಳಿದರು: ‘ನಾನು ಹೋಗಿ ಹೇಳಿದ್ರೆ ನಡೆಯಲ್ಲ. ಕಂಡಿದ್ದನ್ನ ಲೆಕ್ಕಕ್ಕೆ ತಗೋಬಾರ್ದು ಅಂತಾನೇ ಪರದೆ ಕಟ್ಟಿರೋದು. ನೀನು ಹೇಳಿದ್ರೆ ಬೇರೆ. ಅವ್ರ ಕಾರು ಇನ್ನೂ ಬಂಗ್ಲೆ ಹತ್ರ ಇದೆ, ಕಾಫಿ ಕುಡೀತಾ ಇದಾರೆ.’ ಇಷ್ಟು ಹೇಳಿ ಅವರು ಹೋದರು. ಬಂಗಲೆಗೆ ಹೆಚ್ಚು ದೂರವಿರಲಿಲ್ಲ. ದಿಲೀಪ ದಾರಿಯ ಅರ್ಧಕ್ಕೆ ಹೋದ. ಹೋಗುತ್ತಿದ್ದೇನಲ್ಲ, ನಾನು ಅಷ್ಟೇನೂ ಕೆಟ್ಟವನಲ್ಲ ಎಂದು ಅರ್ಧ ದಾರಿಯಲ್ಲೇ ಸಮಾಧಾನವಾಗಿಬಿಟ್ಟಿತು, ಸಮಾಧಾನವಾದ ಮೇಲೆ ಮುಂದಕ್ಕೆ ಹೋಗುವ ಜರೂರು ಕಾಣಲಿಲ್ಲ. ಏನೆಂದು ಹೇಳುವುದು? ಉಸಿರು ತೆಗೆದುಕೊಂಡೆ ಎಂದೇ? ಉಸಿರು ತೆಗೆದುಕೊಳ್ಳುವುದು ತಪ್ಪೇ? ಫೋನು ತೆಗೆದು ಅಮ್ಮನಿಗೆ ಮಾಡಿದ. ‘ಸಿಕ್ತಾ? ಹೌದಾ? ನಿನ್ನ ಚಿಕ್ಕಪ್ಪನಿಗೆ ಈಗ್ಲೇ ಹೇಳ್ತೀನಿ ಇರು’ ಎಂದು ನಂಜಮ್ಮ ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಹೇಳಿದಳು. ಆ ದನಿಗೆ ಅವನು ಎಷ್ಟು ದಿನ ಕಾದಿದ್ದ. ಫೋನು ಕಿವಿಯಲ್ಲಿದ್ದಾಗಲೇ ಮೇಡಂ ಕಾರು ಅವನನ್ನು ದಾಟಿಕೊಂಡು ಹೋಯಿತು. ಕಿಟಕಿಯೊಳಗಿನಿಂದ ಅವರು ಅವನನ್ನು ನೋಡಿ ಮುಗುಳ್ನಕ್ಕರು.

ಸೌಂದರ್ಯಳ ಬ್ಯಾಗನ್ನು ಮೂಡಿಗೆರೆ ಬಸ್‌ಸ್ಟ್ಯಾಂಡಿನವರೆಗೆ ಹೊತ್ತವನು ಅವನೇ. ಬೇಡ ಅಂದರೂ ಹೊತ್ತ. ಸಂಜೆಯ ಬಸ್‌ಸ್ಟ್ಯಾಂಡು, ಎಸ್ಟೇಟಿನ ಜೀಪುಗಳು, ಬೇಕರಿಯ ಎದುರು ಬಿಸಿ ಪಫ್ಸಿಗೆ ನಿಂತ ಕಾಲೇಜು ಹುಡುಗರು. ಚಿಕ್ಕಮಗಳೂರಿನ ಬಸ್ಸು ಹಿಡಿದು, ಅಲ್ಲಿಂದ ಮೇಲಕ್ಕೆ ಜೀಪು ಸಿಗದಿದ್ದರೆ ಚಿಕ್ಕಮ್ಮನ ಮನೆಯಲ್ಲಿ ಉಳಿದು ಹೋಗುತ್ತೇನೆ ಅಂದಳು. ಮುಂದೆ ಏನು ಮಾಡುತ್ತೀ ಎಂದು ಅವನು ಕೇಳಲಿಲ್ಲ. ಅವಳೇ, ಅತ್ತಿಗುಂಡಿಯಲ್ಲಿ ಈಗ ಹೋಂಸ್ಟೇಗಳೆಲ್ಲ ಆಗಿವೆಯಂತೆ, ಕೆಲಸಕ್ಕೆ ಜನ ಬೇಕಂತೆ ಎಂದು ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದಳು. ಅವಳ ತುಟಿಯ ಮೇಲೆ ಮೌತ್‌ಪೀಸಿನ ಉಂಗುರದ ಗುರುತು ಇನ್ನೂ ಕೆಂಪಗಿತ್ತು. ಬಸ್ಸು ಬಂದು ನಿಂತು, ಡ್ರೈವರು ಇಳಿದು ಚಹಾಕ್ಕೆ ಹೋದ. ಆಗ ಅವಳು ಅವನ ಕಡೆ ತಿರುಗಿ ನೇರವಾಗಿ ಕೇಳಿದಳು.

‘ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆಗ ನಿಂಗೆ ಉಸಿರು ಬೇಕಾಗಿತ್ತಾ?’

ಅವನು ಅವಳ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಾಗಿಲ ಹೊರಗೆ ನಿಂತಿತ್ತು. ಒಳಗೆ ಕರೆಯಲೋ ಬೇಡವೋ ಎಂದು ಅವಳು ಅವನನ್ನೇ ಕೇಳುತ್ತಿದ್ದಳು. ಇಲ್ಲ ಅಂದರೆ ಅವಳು ಬೈಯಬಹುದು, ಉಗಿಯಬಹುದು, ಓಡಿಹೋಗಿ ಬೆಳ್ಳಿಯಪ್ಪನವರೆದುರು ನಿಂತು ಕೂಗಾಡಬಹುದು. ಏನೂ ಮಾಡದಿದ್ದರೂ, ತಾನು ಸೋತದ್ದು ತನ್ನ ಉಸಿರಿನಿಂದಲ್ಲ ಎಂಬುದನ್ನು ಅತ್ತಿಗುಂಡಿಯವರೆಗೆ ಎದೆಯಲ್ಲಿ ಇಟ್ಟುಕೊಂಡು ಹೋಗಬಹುದು. ಅಷ್ಟು ಅವಳದ್ದು. ಅಷ್ಟನ್ನು ಕೊಡಲು ಒಂದೇ ಮಾತು ಸಾಕು.

‘ಬೇಕಾಗಿತ್ತು’ ಅಂದ. ‘ತಲೆ ಸುತ್ತು ಬಂದ ಹಾಗಾಯ್ತು. ಸಾಲ್ಲಿಲ್ಲ.’

ಅವಳ ಮುಖ ಬಿಚ್ಚಿಕೊಂಡಿತು. ಹೆಗಲು ಇಳಿಸಿ ಉದ್ದಕ್ಕೆ ಉಸಿರು ಬಿಟ್ಟಳು. ‘ಅಬ್ಬ. ಹಾಗಾದ್ರೆ ಸರಿ ಬಿಡು. ನೀನು ಬೇಕಂತಲೇ ಮಾಡಿದ್ಯೇನೋ ಅಂತ ಒಂದು ಕೆಟ್ಟ ಯೋಚ್ನೆ ಬಂದ್ಬಿಟ್ಟಿತ್ತು ಮಾರಾಯ. ಆಗಿನಿಂದ ಗಂಟಲಲ್ಲಿ ನೀರೂ ಇಳೀಲಿಲ್ಲ. ಎಂಥ ಮನಸ್ಸು ನೋಡು ನಂದು, ಛೆ.’ ತನ್ನ ಮನಸ್ಸಿಗೆ ತಾನೇ ನಾಚಿಕೊಂಡು ನಕ್ಕಳು. ಬೇಕರಿಗೆ ಹೋಗಿ ಎರಡು ಪಫ್ಸು ತಂದು, ಒಂದನ್ನು ಅವನ ಕೈಗೆ ಕೊಟ್ಟು, ತನ್ನದನ್ನು ಹಸಿದವರ ಹಾಗೆ ನಿಂತಲ್ಲೇ ತಿಂದಳು. ಬೆರಳಿಗಂಟಿದ ಚೂರನ್ನೂ ನೆಕ್ಕಿದಳು. ಡ್ರೈವರು ಬಂದು ಹಾರನ್ನು ಹೊಡೆದ. ಅವಳು ಬ್ಯಾಗು ತೆಗೆದುಕೊಂಡು ಹತ್ತಿ, ಕಿಟಕಿಯ ಪಕ್ಕ ಕೂತು, ಮರೆತಿದ್ದೇನೋ ನೆನಪಾದವಳ ಹಾಗೆ ತಲೆ ಹೊರಗೆ ಹಾಕಿದಳು.

‘ದಿಲೀಪ, ಮುಂದಿನ ವರ್ಷ ಅರುಣ್ ಪಕ್ಕ ಹುಷಾರಾಗಿರು. ಅವ್ನನ್ನ ನಂಬ್ಕೊಂಡು ಉಸಿರು ಬಿಡಬೇಡ. ಅವ್ನು ನಿನ್ನ ಹಾಗಲ್ಲ, ಪಕ್ಕದೋರ್ನ ನೋಡಲ್ಲ.’

ಬಸ್ಸು ಹೊರಟಿತು. ಅವಳು ಕೈ ಬೀಸಿದಳು. ಅವನ ಒಂದು ಕೈಯಲ್ಲಿ ಪಫ್ಸು ಇತ್ತು. ಇನ್ನೊಂದು ಕೈಯೆತ್ತಿ ಅವನೂ ಬೀಸಿದ.